ಕಾಯ್ದೆಯೊಳಗೆ ಇಲ್ಲದ ರುಮಾಲು

ಆ ವರ್ಷ ಬೈಲಹೊಂಗಲದ ಬಜಾರಿನಲ್ಲಿ ನೀನು ಕಂಡದ್ದೇನು ಎಂದು ಯಾರಾದರೂ ಕೇಳಿದರೆ, ನನ್ನ ಬಾಯಿಗೆ ಮೊದಲು ಬರುವುದು ಇವತ್ತಿಗೂ ತಪ್ಪು ಉತ್ತರವೇ. ಬಿಸಿಲಿಗೆ ಹೊಳೆಯುವ ಬೇಡಿ ಕಂಡೆ ಎನ್ನುತ್ತೇನೆ. ಎರಡು ಕಬ್ಬಿಣದ ಬಳೆ, ನಡುವೆ ಗಿಡ್ಡ ಸರಪಳಿ, ಅದರ ಹಿಂದೆ ತಲೆ ತಗ್ಗಿಸಿದ ಮನುಷ್ಯ. ಚಿತ್ರ ಅಷ್ಟು ನಿಚ್ಚಳ. ಆದರೆ ಅಂದು ಅಲ್ಲಿ ಬೇಡಿ ಇರಲಿಲ್ಲ. ಇದು ಬೇರೆ ಯಾರೋ ಹೇಳಿದ್ದಲ್ಲ, ನಾನೇ ಒಪ್ಪಿ ಸಹಿ ಮಾಡಿದ ಮಾತು. ಸಹಿ ಮಾಡಿದ ಮೇಲೂ ಕಣ್ಣು ತನ್ನ ಹಟ ಬಿಟ್ಟಿಲ್ಲ. ಹೀಗಾಗಿ ಮುಂದೆ ಬರೆಯುವುದನ್ನೂ ಓದುವವರು ಸ್ವಲ್ಪ ಸಂಶಯ ಇಟ್ಟುಕೊಂಡೇ ಓದಬೇಕು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಈ ಸಲ ನೆನಪು ಕೆದಕಿದ್ದು ಹತ್ತಿಕಾಳಿನ ವಾಸನೆ. ಒಂದು ಮದುವೆಗೆಂದು ಬೈಲಹೊಂಗಲಕ್ಕೆ ಹೋದವನು ಬಸ್‌ಸ್ಟ್ಯಾಂಡಿನಿಂದ ಬಜಾರಿನ ಕಡೆಗೆ ನಡೆಯುತ್ತಿದ್ದಾಗ ಯಾವುದೋ ಮಿಲ್ಲಿನಿಂದ ಆ ವಾಸನೆ ಬಂತು. ಹಸಿ, ಸ್ವಲ್ಪ ಕಮಟು, ಎಣ್ಣೆಗಿಂತ ಒಂದು ಹೆಜ್ಜೆ ಹಿಂದಿನ ವಾಸನೆ. ನಿಂತುಬಿಟ್ಟೆ. ಆಗ ನಾನು ಚಹಾ ಕುಡಿಯುತ್ತಿದ್ದ ಅಂಗಡಿಯ ಜಾಗದಲ್ಲಿ ಈಗ ಮೊಬೈಲು ಮಾರುತ್ತಾರೆ. ಅದರ ಕಟ್ಟೆಯಿಂದ ರಸ್ತೆಯ ತಿರುವಿನವರೆಗೆ ಹೆಜ್ಜೆ ಎಣಿಸುತ್ತ ನಡೆದೆ. ಎಪ್ಪತ್ತರ ಮೇಲಾಯಿತು. ಅಷ್ಟು ದೂರದಿಂದ, ಹತ್ತಿಯ ಬಂಡಿಗಳು ಎಬ್ಬಿಸಿದ ಧೂಳಿನೊಳಗಿಂದ, ಒಬ್ಬನ ಕೈಯಲ್ಲಿರುವುದು ಕಬ್ಬಿಣವೋ ಬಟ್ಟೆಯೋ ಎಂದು ಹೇಳುವುದು ಸಾಧ್ಯವೇ ಇಲ್ಲ. ಆ ದಿನ ನಾನು ಹೇಳಿದ್ದೆ. ಬರೆದುಕೊಟ್ಟೂ ಇದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಅದು ಸಾಲದೆಂದು ಕಾಯ್ದೆಯನ್ನೂ ಓದಿ, ಎರಡರಲ್ಲೂ ಮನಸ್ಸು ನಿಲ್ಲದೆ, ಕೊನೆಗೆ ಬೈಲಹೊಂಗಲದ ಯಲಿಗಾರ ವಕೀಲರ ಕೈಕೆಳಗೆ ಸೇರಿದ್ದೆ. ಯಲಿಗಾರರು ಅರವತ್ತು ದಾಟಿದವರು, ಮಾತಿಗಿಂತ ಅಡಿಕೆ ಹೆಚ್ಚು. ಪಕ್ಷಗಾರರು ನನ್ನನ್ನು ಸಣ್ಣ ವಕೀಲರು ಎನ್ನುತ್ತಿದ್ದರು. ಸಂದೇಹಪಡುವುದೇ ವಿದ್ಯೆ ಎಂದು ನಂಬಿದ್ದ ಕಾಲ ಅದು. ಸಾಕ್ಷಿ ಹೇಳುವವನು, ಪಂಚನಾಮೆ ಬರೆಯುವವನು, ಹಳೆಯ ಶಾಸನ, ನಿನ್ನೆಯ ಪತ್ರಿಕೆ, ಯಾವುದನ್ನೂ ನಾನು ಹಾಗೇ ನಂಬುತ್ತಿರಲಿಲ್ಲ.

ಭಾರತ ಹುಣ್ಣಿಮೆಯ ವಾರ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿಯಿಂದ ಉಗರಗೋಳದವರೆಗಿನ ರಸ್ತೆಗಳೆಲ್ಲ ತುಂಬಿದ್ದವು. ಸುತ್ತಲಿನ ಠಾಣೆಗಳ ಜೀಪುಗಳು ಅಲ್ಲಿಗೆ ಬಂದೋಬಸ್ತಿಗೆ ಹೋಗಿದ್ದವು. ಹೀಗಾಗಿ ಒಂದು ಠಾಣೆಯವರು (ಅದರ ಹೆಸರು ಇಲ್ಲಿ ಬೇಡ) ತಮ್ಮ ಆರೋಪಿಯನ್ನು ಕೆಂಪು ಬಸ್ಸಿನಲ್ಲಿ ಬೈಲಹೊಂಗಲಕ್ಕೆ ತಂದು, ಬಸ್‌ಸ್ಟ್ಯಾಂಡಿನಿಂದ ಕೋರ್ಟಿನವರೆಗೆ ಬಜಾರಿನ ನಡುವೆಯೇ ನಡೆಸಿಕೊಂಡು ಹೋದರು. ಸಂತೆಯ ದಿನ ಬೇರೆ. ಮುಂದೆ ಒಬ್ಬ ಪೊಲೀಸ್ ಪ್ಯಾದೆ, ಹಿಂದೆ ಹವಾಲ್ದಾರ, ನಡುವೆ ಅವನು. ಜನ ಬಂಡಿ ನಿಲ್ಲಿಸಿ ನೋಡಿದರು. ಚಹಾ ಅಂಗಡಿಯ ಕಟ್ಟೆಯಿಂದ ನಾನೂ ನೋಡಿದೆ. ನ್ಯಾಯಾಧೀಶರ ಲಿಖಿತ ಅಪ್ಪಣೆ ಇಲ್ಲದೆ ಆರೋಪಿಗೆ ಬೇಡಿ ಹಾಕಬಾರದು ಎಂದು ದೊಡ್ಡ ಕೋರ್ಟು ಹೇಳಿದ್ದನ್ನು ಅದೇ ವರ್ಷ ಓದಿದ್ದೆ. ಓದಿದ್ದು ತಲೆಯಲ್ಲಿ ಬಿಸಿಯಾಗಿತ್ತು. ಕಣ್ಣು ಅದನ್ನೇ ಕಂಡಿತು.

ಆ ಮನುಷ್ಯನ ಹೆಸರು ಫಕೀರಪ್ಪ. ಸಂಪಗಾಂವದ ಆಚೆಗಿನ ಒಂದು ಹಳ್ಳಿಯವನು. ಹೊಲದ ಬದುವಿನ ಜಗಳದಲ್ಲಿ ದಾಯಾದಿಯ ತಲೆಗೆ ಸಲಿಕೆಯ ಕಾವಿನಿಂದ ಹೊಡೆದಿದ್ದ. ಹೊಡೆದದ್ದು ಖರೆ. ಅವನೇ ಅದನ್ನು ಎಂದೂ ಇಲ್ಲ ಎನ್ನಲಿಲ್ಲ. ಯಲಿಗಾರರೇ ಅವನ ವಕೀಲರಾಗಿದ್ದರಿಂದ ಅಂದೇ ಜಾಮೀನು ಸಿಕ್ಕಿ ಮನೆಗೆ ಹೋದ.

ಎಂಟು ದಿನಕ್ಕೆ ಅವನ ಹೆಂಡತಿ ಗಂಗವ್ವ ಕಚೇರಿಗೆ ಬಂದಳು. ಯಲಿಗಾರರು ಕೋರ್ಟಿನಲ್ಲಿದ್ದರು. ಬಾಗಿಲ ಬಳಿಯೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಸಣ್ಣ ವಕೀಲ್ರ, ಅಂವಾ ಹೊಲಕ್ಕೂ ಹೋಗವಲ್ಲ, ಗುಡಿ ಕಟ್ಟಿಗೂ ಹೋಗವಲ್ಲ. ತಲಿ ಮ್ಯಾಲ ಟಾವೆಲ್ ಹಾಕ್ಕೊಂಡು ಗ್ವಾಡಿ ಕಡೆ ಮಾರಿ ಮಾಡಿ ಕುಂದರತಾನ. ರುಮಾಲ ಎಲ್ಲೈತಿ ಅಂತ ಕೇಳಿದ್ರ ಟಾವೆಲ್ ಇನ್ನೂ ಮುಂದಕ್ಕ ಎಳಕೋತಾನ. ಬರೇ ತಲೀಲೆ ಮನಿಗೆ ಬಂದಾನ ನೋಡ್ರಿ ಅವತ್ತು."

ನಮ್ಮ ಕಡೆ ರುಮಾಲೆಂದರೆ ಗಂಡಸರು ತಲೆಗೆ ಸುತ್ತುವ ಬಿಳಿಯ ಉದ್ದ ಬಟ್ಟೆ. ಫಕೀರಪ್ಪನ ವಯಸ್ಸಿನವರು ಅದಿಲ್ಲದೆ ಅಂಗಳಕ್ಕೂ ಇಳಿಯುವುದಿಲ್ಲ. ಅವಳು ಹೇಳಿದ್ದನ್ನು ಕೇಳಿದೆ. ಕೇಳಿ, ಬರೆದುಕೊಂಡು, ಆ ಸಾಲನ್ನು ಹೊಡೆದುಹಾಕಿದೆ. ಬಟ್ಟೆಯ ಮಾತಿಗೆ ಕಾಯ್ದೆಯಲ್ಲಿ ಏನು ಕೆಲಸ ಎಂದುಕೊಂಡೆ. ಧಾರವಾಡದ ಗೆಳೆಯರು ಹಂಚಿದ್ದ ಒಂದು ಅಚ್ಚಿನ ದೂರಿನ ನಮೂನೆ ನನ್ನ ಬಳಿ ಇತ್ತು. ಸದರಿ ಆರೋಪಿಯ ಕೈಗಳಿಗೆ ಬೇಡಿ ತೊಡಿಸಿ ಸಾರ್ವಜನಿಕ ಸ್ಥಳದಲ್ಲಿ ಮೆರವಣಿಗೆ ಮಾಡಿ, ಎಂದು ಅದರಲ್ಲಿ ಮೊದಲೇ ಇತ್ತು. ಹೆಸರು, ಊರು ತುಂಬಿದರೆ ಸಾಕು. ಕಣ್ಣಾರೆ ಕಂಡ ಸಾಕ್ಷಿ ಎಂಬಲ್ಲಿ ನನ್ನದೇ ಹೆಸರು ಹಾಕಿದೆ. ಗಂಗವ್ವ ಹೆಬ್ಬೆಟ್ಟು ಒತ್ತಿದಳು. ಬಜಾರಿನಲ್ಲಿ ನಡೆದದ್ದನ್ನು ಅವಳು ನೋಡಿರಲಿಲ್ಲ. ನೇರ ಕೋರ್ಟಿಗೆ ಬಂದಿದ್ದಳು, ಅಷ್ಟರಲ್ಲಿ ಗಂಡನ ಕೈ ಬಿಚ್ಚಿಯಾಗಿತ್ತು. ಫಕೀರಪ್ಪನನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ದೂರು ದಿಲ್ಲಿಯ ಮಾನವ ಹಕ್ಕುಗಳ ಆಯೋಗಕ್ಕೆ ರಜಿಸ್ಟರ್ ಟಪಾಲಿನಲ್ಲಿ ಹೋಯಿತು.

ಹತ್ತಿಯ ಬಂಡಿಗಳು ತೆಳುವಾದವು. ಜೋಳದ ರಾಶಿ ಮುಗಿಯಿತು. ಯುಗಾದಿ ಬಂದು ಹೋಯಿತು. ಬಿಸಿಲು ಏರಿದ ಹಾಗೆ ಕೋರ್ಟಿನ ಹೆಂಚಿನ ಕೆಳಗೆ ಕೂರುವುದು ಕಷ್ಟವಾಗಿ ವಕೀಲರೆಲ್ಲ ಬೇವಿನ ಗಿಡದ ನೆರಳಿಗೆ ಸರಿದರು. ಫಕೀರಪ್ಪನ ಕೇಸಿನ ಮೊದಲ ತಾರೀಖು ಬಂತು, ಅವನು ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲ ಎಂದು ಅರ್ಜಿ ಕೊಟ್ಟೆವು. ಎರಡನೆಯ ತಾರೀಖಿಗೂ ಬರಲಿಲ್ಲ, ಅದೇ ಅರ್ಜಿ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಇದೇ ಕೊನೆ ಎಂದರು. ಅಂದು ಸಂಜೆ ಯಲಿಗಾರರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನನ್ನು ಕರೆದರು.

"ಮುಂದಿನ ತಾರೀಖಿಗೆ ಬರಲಿಲ್ಲಂದ್ರ ಜಾಮೀನು ರದ್ದು, ವಾರಂಟ್. ವಾರಂಟ್ ತಗೊಂಡು ಹೋಗವ ಯಾರು? ಅದ ಹವಾಲ್ದಾರ. ತರೂದು ಯಾವ ದಾರೀಲೆ? ಅದ ಬಜಾರ. ಅಂವಾ ಯಾವುದಕ್ಕ ಅಂಜಿ ಮನ್ಯಾಗ ಕುಂತಾನೋ ಅದ ಮತ್ತೊಮ್ಮಿ ಆಗತೈತಿ. ನಿನ್ನ ದಿಲ್ಲಿ ಕಾಗದ ಏನಾತು?"

ಎರಡು ಸಲ ಅವನ ಊರಿಗೆ ಸೈಕಲ್ಲಿನಲ್ಲಿ ಹೋದೆ. ಫಕೀರಪ್ಪ ಎದ್ದು ಗೌರವದಿಂದ ಕಂಬಳಿ ಹಾಸಿದ, ನೀರು ಕೊಟ್ಟ, ಗಂಗವ್ವ ಅವಲಕ್ಕಿ ಕಲಸಿ ತಂದಳು. ತಾರೀಖಿನ ಮಾತು ತೆಗೆದರೆ ನೆಲ ನೋಡುತ್ತ ಹೂಂ ಎನ್ನುತ್ತಿದ್ದ. ಅದು ಬರುತ್ತೇನೆ ಎಂಬ ಹೂಂ ಅಲ್ಲವೆಂದು ನನಗೂ ತಿಳಿಯುತ್ತಿತ್ತು. ಜೈಲಿಗೆ ಅವನು ಅಂಜುತ್ತಿರಲಿಲ್ಲ. ಆ ರಸ್ತೆಗೆ ಅಂಜುತ್ತಿದ್ದ. ಬಸ್‌ಸ್ಟ್ಯಾಂಡಿನಿಂದ ಕೋರ್ಟಿನವರೆಗಿನ ಆ ಒಂದು ರಸ್ತೆಗೆ ಮಾತ್ರ.

ಮೂರನೆಯ ತಾರೀಖಿಗೆ ನಾಲ್ಕು ದಿನ ಇರುವಾಗ, ನನಗೆ ನಂಬಿಕೆಯೇ ಇರದಿದ್ದ ಉತ್ತರ ಬಂತು. ದಿಲ್ಲಿಯವರು ದೂರನ್ನು ಜಿಲ್ಲೆಗೆ ಕಳಿಸಿದ್ದರು. ಬೆಳಗಾವಿಯಿಂದ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಚೌಕಶಿಗೆ, ಅಂದರೆ ವಿಚಾರಣೆಗೆ, ಬಂದು ಪ್ರವಾಸಿ ಮಂದಿರದಲ್ಲಿ ಕೂತರು. ಅವರ ಹೆಸರು ನನಗೆ ಮರೆತುಹೋಗಿದೆ. ತೆಳ್ಳಗಿನ ಮನುಷ್ಯ, ಮೆಲುದನಿ, ಎಲ್ಲರನ್ನೂ ನೀವು ಎನ್ನುತ್ತಿದ್ದರು. ಆರೋಪಿಯನ್ನೂ. ಫಕೀರಪ್ಪನನ್ನು ಬಜಾರಿನ ದಾರಿ ತಪ್ಪಿಸಿ, ಊರ ಹೊರಗಿನ ಕಚ್ಚಾ ರಸ್ತೆಯಿಂದ ಅವನ ಊರಿನ ಗೌಡರ ಜೀಪಿನಲ್ಲಿ ಕರೆತಂದೆವು. ತಲೆಯ ಮೇಲೆ ಟಾವೆಲ್ ಇತ್ತು. ಗೌಡರು, ಗಂಗವ್ವ, ಯಲಿಗಾರರು, ನಾನು ಒಂದು ಕಡೆ. ಹವಾಲ್ದಾರ ಮಲ್ಲಪ್ಪ ಒಬ್ಬರೇ ಇನ್ನೊಂದು ಕಡೆ.

ಹವಾಲ್ದಾರರ ಬಗ್ಗೆ ಬರೆಯುವಾಗ ನನಗೆ ಕಷ್ಟವಾಗುತ್ತದೆ. ಮನಸ್ಸಿನಲ್ಲಿ ಅವರನ್ನು ದುಷ್ಟನಾಗಿ ಮಾಡಿಟ್ಟುಕೊಂಡಿದ್ದೆ. ಬಂದವರು ನೋಡಿದರೆ ಐವತ್ತರ ಮೇಲಿನ, ಇಸ್ತ್ರಿಯ ಗೆರೆ ಮುರಿಯದ, ಕಿವಿಯ ಮೇಲೆ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡ ಮನುಷ್ಯ. ಮೇಲಿನಿಂದ ಬಂದ ಪ್ರತಿ ಸುತ್ತೋಲೆಯನ್ನೂ ತಮ್ಮ ಟೇಬಲ್ಲಿನ ಮೇಲಿನ ಗೋಡೆಗೆ ಅಂಟಿಸುತ್ತಿದ್ದರಂತೆ. ಕಂಕುಳಲ್ಲಿ ಎರಡು ರಿಜಿಸ್ಟರ್, ಕೈಯಲ್ಲಿ ಒಂದು ಬಟ್ಟೆಯ ಚೀಲ. ಅಧಿಕಾರಿ ದೂರು ಓದಿ ಮುಗಿಸುತ್ತಲೇ ಚೀಲದೊಳಗಿನದನ್ನು ಮೇಜಿನ ಮೇಲೆ ಇಟ್ಟರು. ಬೇಡಿ. ತುಕ್ಕು ಹಿಡಿದು ಕಂದಾಗಿತ್ತು.

"ನೋಡ್ರಿ ಸಾಹೇಬ್ರ. ಇದರ ಕೀಲಿ ಕಳದು ವರ್ಷಾತು, ರಿಜಿಸ್ಟರ್‌ದಾಗ ಬರದೇನಿ. ಇದನ್ನ ಹಾಕಿದ್ದರ ಇವತ್ತಿಗೂ ಅವನ ಕೈಯಾಗ ಇರತಿತ್ತು."

ಗೌಡರು ನಕ್ಕುಬಿಟ್ಟರು, ಆಮೇಲೆ ಕೆಮ್ಮಿ ಸರಿಪಡಿಸಿಕೊಂಡರು. ಅಧಿಕಾರಿ ಫಕೀರಪ್ಪನ ಕಡೆ ತಿರುಗಿ, ನಿಮಗೆ ಬೇಡಿ ಹಾಕಿದ್ದರೇ ಎಂದು ಕೇಳಿದರು.

"ಇಲ್ರೀ."

ಆ ಒಂದು ಮಾತಿಗೆ ನನ್ನ ಕಿವಿ ಬಿಸಿಯಾದದ್ದು ಮಾತ್ರ ಸುಳ್ಳು ನೆನಪಲ್ಲ ಎಂದು ನಂಬಿದ್ದೇನೆ. ಯಲಿಗಾರರು ನನ್ನ ಕಡೆ ನೋಡಲಿಲ್ಲ. ಅಧಿಕಾರಿ ಪೆನ್ನು ತೆಗೆದರು. ದೂರು ಸುಳ್ಳು ಎಂದು ಒಂದು ಸಾಲು ಬರೆದರೆ ಮುಗಿಯಿತು. ಆಮೇಲೆ ನಾಲ್ಕು ದಿನಕ್ಕೆ ತಾರೀಖು, ಐದನೆಯ ದಿನಕ್ಕೆ ವಾರಂಟ್, ಆರನೆಯ ದಿನಕ್ಕೆ ಅದೇ ಬಜಾರು.

ಅಲ್ಲಿಗೆ ಸುಮ್ಮನಾಗಿದ್ದರೆ ಹವಾಲ್ದಾರರು ಗೆದ್ದಿದ್ದರು. ಆದರೆ ಅವರಿಗೆ ತಮ್ಮ ಶಿಸ್ತಿನ ಬಗ್ಗೆ ಅಭಿಮಾನ ಇತ್ತು, ಅದನ್ನು ಸಾಹೇಬರ ಮುಂದೆ ಹೇಳದೆ ಹೋಗುವುದು ಅವರಿಂದ ಆಗಲಿಲ್ಲ.

"ನಾ ಕಾಯ್ದೆ ದಾಟಾವ ಅಲ್ರಿ. ಬೇಡಿ ಹಾಕಬ್ಯಾಡ್ರಿ ಅಂತ ಮ್ಯಾಲಿಂದ ಕಾಗದ ಬಂದಾಗಿಂದ ಒಬ್ಬರಿಗೂ ಹಾಕಿಲ್ಲ. ಇವನನ್ನ ಇವನ ರುಮಾಲೀಲೇನ ಕಟ್ಟಿ ತಂದೇವಿ. ರುಮಾಲಿನ ಬಗ್ಗೆ ಕಾಗದದಾಗ ಏನೂ ಬರದಿಲ್ಲರಿ."

ಅಧಿಕಾರಿ ಪೆನ್ನು ಕೆಳಗಿಟ್ಟು, ಯಾವ ರುಮಾಲು ಎಂದರು.

"ತಲೀದ್ರಿ. ಲಾಕಪ್ಪಿನ್ಯಾಗ ತಗಸಿ ಇಟ್ಟಿದ್ವಿ, ಉರ್ಲು ಹಾಕ್ಕೋಬಾರದಂತ. ಕೈಗೆ ಸಿಕ್ತು, ಗಟ್ಟಿ ಇತ್ತು."

ಹೇಗೆ ಕಟ್ಟಿದಿರಿ ಎಂದು ಕೇಳಿದಾಗ ಹವಾಲ್ದಾರರು ಎರಡು ಕೈ ಜೋಡಿಸಿ ತೋರಿಸಿದರು. ಒಂದು ತುದಿ ಮಣಿಕಟ್ಟಿಗೆ ಎರಡು ಸುತ್ತು, ಇನ್ನೊಂದು ತುದಿ ಮುಂದಿನ ಪ್ಯಾದೆಯ ಮುಷ್ಟಿಯಲ್ಲಿ. ಎತ್ತಿನ ಹಗ್ಗ ಹಿಡಿಯುವ ಹಾಗೆ. ತೋರಿಸುತ್ತ ತೋರಿಸುತ್ತ ಅವರ ದನಿ ಸಣ್ಣದಾಯಿತು. ಗೌಡರ ತಲೆಯ ಮೇಲೆ ರುಮಾಲಿತ್ತು. ಚಹಾ ತಂದಿದ್ದ ಪ್ರವಾಸಿ ಮಂದಿರದ ಮುದುಕ ಆಳು ಮೇಟಿಯ ತಲೆಯ ಮೇಲೂ ಇತ್ತು, ಅವನು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಗಂಗವ್ವ ಗಂಡನ ಮುಖ ನೋಡುತ್ತಿದ್ದಳು. ಅವಳಿಗೂ ಅದು ಗೊತ್ತಾದದ್ದು ಆಗಲೇ.

ಆಗ ಫಕೀರಪ್ಪ, ಯಾರೂ ಕೇಳದೆ, ಮೇಜಿನ ಮೇಲಿನ ಬೇಡಿಯನ್ನು ತೋರಿಸಿ ಹೇಳಿದ.

"ಅದನ್ನ ಹಾಕಿದ್ದರ ಸುಮ್ಮನಿರತಿದ್ನಿರಿ. ಬೇಡಿ ಸರಕಾರದ್ದು. ರುಮಾಲ ನಂದು."

ಅಧಿಕಾರಿ ನನ್ನನ್ನು ಕೇಳಿದರು, ಕಣ್ಣಾರೆ ಕಂಡದ್ದು ಎಂದು ಬರೆದಿದ್ದೀರಿ, ಏನು ಕಂಡಿರಿ. ಬಟ್ಟೆ ಎಂದು ಹೇಳಿ ಪಾರಾಗಬಹುದಿತ್ತು. ನಮೂನೆಯ ತಪ್ಪು, ಅಚ್ಚಿನ ತಪ್ಪು ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಯಾಕೋ ಆಗಲಿಲ್ಲ. ನಾನು ಬೇಡಿ ಕಂಡೆ ಎಂದೇ ತಿಳಿದಿದ್ದೆ, ಈಗಲೂ ಕಣ್ಣಿಗೆ ಹಾಗೇ ಕಾಣುತ್ತದೆ, ಆದರೆ ಅದು ಸುಳ್ಳು, ಇವರನ್ನು ಕೇಳದೆ ಬರೆದೆ ಎಂದೆ. ಅದನ್ನೇ ಬರೆದುಕೊಡಿ ಎಂದರು. ಬರೆದು ಸಹಿ ಮಾಡಿದೆ. ಅವರು ದೂರಿನಲ್ಲಿ ಬೇಡಿ ಎಂಬ ಮಾತನ್ನು ಹೊಡೆದು, ಮೇಲೆ ತಮ್ಮ ಕೈಯಿಂದ ತಲೆಯ ರುಮಾಲು ಎಂದು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ದೂರು ಉಳಿಯಿತು. ಯಲಿಗಾರರು ಆಗ ಮಾತ್ರ ನನ್ನ ಕಡೆ ಬಾಗಿ, ನನಗಷ್ಟೇ ಕೇಳುವಂತೆ ಅಂದರು.

"ನಿನಗ ಊರಾಗಿನ ಎಲ್ಲಾರ ಮ್ಯಾಲೂ ಸಂಶೆ. ನಿನ್ನ ಒಬ್ಬನ್ನ ಬಿಟ್ಟು."

ಇನ್ನು ಇತ್ಯರ್ಥ ಹೇಗೆ ಎಂಬ ಮಾತು. ಹವಾಲ್ದಾರರ ಮೇಲೆ ವರದಿ ಬರೆದು ಮೇಲಕ್ಕೆ ಕಳಿಸಬಹುದು, ಅದು ತಿಂಗಳುಗಟ್ಟಲೆ ತಿರುಗುತ್ತದೆ, ಇಲ್ಲವೇ ಎರಡೂ ಕಡೆಯವರು ಒಪ್ಪಿದರೆ ಇಲ್ಲಿಯೇ ಬಗೆಹರಿಸಿ ಆಯೋಗಕ್ಕೆ ತಿಳಿಸಬಹುದು ಎಂದು ಅಧಿಕಾರಿ ವಿವರಿಸಿದರು. ಗೌಡರು ಗಂಟಲು ಸರಿಮಾಡಿಕೊಂಡರು. ಅವರ ಪ್ರಕಾರ ದಾರಿ ಒಂದೇ ಇತ್ತು. ಮುಂದಿನ ಸಂತೆಯ ದಿನ ಅದೇ ಬಜಾರಿನಲ್ಲಿ, ಎಲ್ಲರೆದುರು, ಹವಾಲ್ದಾರರು ಹೊಸ ರುಮಾಲು ತಂದು ತಮ್ಮ ಕೈಯಿಂದ ಫಕೀರಪ್ಪನ ತಲೆಗೆ ಸುತ್ತಬೇಕು. ಊರು ನೋಡಬೇಕು. ನಮ್ಮ ಕಡೆ ಮಾನ ಮಾಡುವುದು ಹಾಗೆಯೇ. ಮಾನ ಕಳೆದವನೇ ಮಾಡಿದರೆ ಅದರ ತೂಕ ಬೇರೆ. ನನಗೆ ಅದು ಬಹಳ ಸರಿ ಅನ್ನಿಸಿತು. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಹವಾಲ್ದಾರರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಆದರೂ ಅವರು ಆಗಲಿ ಎಂಬಂತೆ ಗೋಣು ಹಾಕಿದರು.

ಬೇಡವೆಂದದ್ದು ಫಕೀರಪ್ಪ.

"ಬ್ಯಾಡ್ರಿ ಗೌಡ್ರ. ನನ್ನ ನೋಡಿದ ಮಂದೀನ ನಾಳೆ ಇವರನ್ನೂ ನೋಡತಾರ. ನೋಡಿ ನಗತಾರ. ಅದರಿಂದ ನನಗೇನ್ ಬಂತು?"

ಮತ್ತೆ ನಿಮಗೆ ಏನು ಬೇಕು ಎಂದು ಅಧಿಕಾರಿ ಕೇಳಿದರು. ಫಕೀರಪ್ಪ ಟಾವೆಲಿನ ತುದಿ ಹಿಡಿದು ಕಿಟಕಿಯ ಕಡೆ ನೋಡಿದ. ಆ ಹೊತ್ತಿನಲ್ಲಿ ಹೊರಗೆ ಬೇಸಿಗೆಯ ಅಡ್ಡಮಳೆಯ ದೊಡ್ಡ ಹನಿಗಳು ತಗಡಿನ ಮೇಲೆ ಬೀಳತೊಡಗಿದವು ಎಂದು ನನ್ನ ನೆನಪು. ಯಲಿಗಾರರು ಬದುಕಿರುವವರೆಗೂ ಅವತ್ತು ಮಳೆಯೇ ಬಂದಿಲ್ಲ ಎನ್ನುತ್ತಿದ್ದರು.

"ನಾಕ್ ದಿನಕ್ಕ ತಾರೀಖ ಐತ್ರಿ. ಬದುವಿನ ಜಗಳಕ್ಕ ಕೋರ್ಟ್ ಏನ್ ಶಿಕ್ಷಾ ಕೊಡತೈತಿ, ತಗೋತೇನಿ. ಆದ್ರ ನನಗ ಆ ದಾರೀಲೆ ಬರಾಕ ಆಗಬೇಕು. ನಾ ಬರೋ ಹೊತ್ತಿಗೆ ಮತ್ತ ಯಾರನ್ನರ ಹಂಗ ಹಿಡಕೊಂಡು ಹೊಂಟಿದ್ದರ, ನನ್ನ ಕಾಲ ಮುಂದಕ್ಕ ಹೋಗೂದಿಲ್ಲ. ಯಾರನ್ನೂ ಹಂಗ ತರಬಾರದು. ಅಷ್ಟ ಆದ್ರ ಸಾಕ್ರಿ."

ಎಲ್ಲರೂ ಹವಾಲ್ದಾರರನ್ನು ನೋಡಿದರು. ಅವರು ಕಿವಿಯ ಮೇಲಿನ ಕೆಂಪು ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಬರದ ಕೊಡ್ರಿ ಸಾಹೇಬ್ರ. ಬಾಯಿಮಾತು ಮರತ ಹೊಕ್ಕೈತಿ. ಬರದದ್ದನ್ನ ನಾ ಬಿಡೂದಿಲ್ಲ."

ಅದು ತಪ್ಪಿಸಿಕೊಳ್ಳುವ ಮಾತು ಎಂದು ಮೊದಲು ಅನ್ನಿಸಿತು. ಆಮೇಲೆ ಅರ್ಥವಾಯಿತು, ಆ ಮನುಷ್ಯ ಇದ್ದದ್ದೇ ಹಾಗೆ. ಬರೆದಿರದ ಕಾರಣಕ್ಕೇ ಅವರು ತಪ್ಪು ಮಾಡಿದ್ದು. ಬರೆದರೆ ಮಾಡುವುದಿಲ್ಲ. ಅಧಿಕಾರಿ ಹೇಳುತ್ತ ಹೋದರು, ನಾನು ಬರೆದೆ. ನ್ಯಾಯಾಧೀಶರ ಲಿಖಿತ ಅಪ್ಪಣೆ ಇಲ್ಲದೆ ಯಾವ ಆರೋಪಿಯ ಕೈಯನ್ನೂ ಯಾವ ವಸ್ತುವಿನಿಂದಲೂ ಕಟ್ಟತಕ್ಕದ್ದಲ್ಲ. ಹಗ್ಗದಿಂದಲೂ ಇಲ್ಲವೇ ಎಂದು ಹವಾಲ್ದಾರರು ಕೇಳಿದರು. ಯಾವುದರಿಂದಲೂ ಇಲ್ಲ. ಲಾಕಪ್ಪಿನಲ್ಲಿ ರುಮಾಲು ತೆಗೆಸುವುದನ್ನು ಬಿಡಲಾಗುವುದಿಲ್ಲ, ಯಾರಾದರೂ ಉರುಲು ಹಾಕಿಕೊಂಡರೆ ತಮ್ಮ ಗತಿ ಏನು ಎಂದೂ ಕೇಳಿದರು. ಅದು ನ್ಯಾಯವಾದ ಮಾತೇ. ಹಾಗಾದರೆ ಒಳಗೆ ತೆಗೆಸಿ, ಹೊರಗೆ ಹೊರಡುವ ಮೊದಲು ಹೊಸ್ತಿಲಲ್ಲಿ ತಿರುಗಿ ಕೊಡಿ, ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆಯಿರಿ ಎಂದರು ಅಧಿಕಾರಿ. ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ ಎಂದರು ಹವಾಲ್ದಾರರು. ಹಾಕಿಕೊಳ್ಳಿ ಎಂದರು ಅಧಿಕಾರಿ.

ಅಲ್ಲಿಯೇ, ಅದೇ ಮೇಜಿನ ಮೇಲೆ, ಮೇಟಿಯ ಕಡೆಯಿಂದ ಒಂದು ಅಡಿಪಟ್ಟಿ ತರಿಸಿಕೊಂಡು ಹವಾಲ್ದಾರರು ಕೆಂಪು ಪೆನ್ಸಿಲ್ಲಿನಿಂದ ಪುಟದ ಬಲಕ್ಕೆ ಗೆರೆ ಎಳೆದರು. ಮೇಲೆ ದುಂಡಗೆ ಬರೆದರು, ಹೊರಡುವಾಗ ತಲೆಯ ಮೇಲೆ. ಬರೆದು ಮುಗಿಸಿ ತಲೆ ಎತ್ತಿ ಕೇಳಿದರು.

"ಕೆಲವ್ರು ಏನೂ ಹಾಕ್ಕೊಳ್ಳೂದಿಲ್ರಿ. ಅವ್ರಿಗೆ ಏನ್ ಬರೀಲಿ?"

"ಬರೇ ತಲಿ ಅಂತ ಬರೀರಿ," ಎಂದರು ಅಧಿಕಾರಿ.

ಈ ಸಲ ಗಂಗವ್ವನೂ ಸೆರಗಿನೊಳಗೆ ನಕ್ಕಳು. ಆ ರುಮಾಲು ಎಲ್ಲಿದೆ ಎಂದು ಅಧಿಕಾರಿ ಕೇಳಿದಾಗ ಹವಾಲ್ದಾರರು ಎರಡನೆಯ ರಿಜಿಸ್ಟರಿನ ಕೆಳಗಿನಿಂದ ಪತ್ರಿಕೆಯಲ್ಲಿ ಸುತ್ತಿದ ಪುಡಿಕೆ ತೆಗೆದರು. ಅಂದು ಕೋರ್ಟಿನ ಪಡಸಾಲೆಯಲ್ಲಿ ಕೈ ಬಿಚ್ಚಿದ ಮೇಲೆ ಫಕೀರಪ್ಪ ಅದನ್ನು ಮುಟ್ಟಿರಲಿಲ್ಲವಂತೆ. ಬೇರೆಯವರ ಸಾಮಾನು ಬಿಸಾಕಬಾರದೆಂದು ಇವರು ಒಯ್ದು, ಚೀಟಿ ಕಟ್ಟಿ ಕಪಾಟಿನಲ್ಲಿ ಇಟ್ಟಿದ್ದರು. ಒಗೆದು ಮಡಚಿತ್ತು. ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ತಪ್ಪಾತು ಎಂದರೋ ಇಲ್ಲವೋ ನನಗೆ ಖಾತ್ರಿಯಿಲ್ಲ. ತುಟಿ ಅಲ್ಲಾಡಿದ್ದು ಕಂಡೆ. ಕಂಡೆ ಎಂಬ ನನ್ನ ಮಾತಿನ ಬೆಲೆ ಎಷ್ಟೆಂದು ಈಗಾಗಲೇ ಹೇಳಿದ್ದೇನೆ. ಫಕೀರಪ್ಪ ತೆಗೆದುಕೊಂಡ. ತಲೆಗೆ ಸುತ್ತಲಿಲ್ಲ. ಹೆಂಡತಿಯ ಕೈಗೆ ಕೊಟ್ಟ. ಆಮೇಲೆ ಎಂದೋ ಕೇಳಿದಾಗ, ಅದನ್ನು ಕೌದಿಗೆ ಹಾಕಿ ಹೊಲಿದೆ ಎಂದಳು ಗಂಗವ್ವ.

ಒಪ್ಪಂದಕ್ಕೆ ಎಲ್ಲರ ಸಹಿ ಆಯಿತು. ಫಕೀರಪ್ಪ ಬರುತ್ತೇನೆ ಎಂದ. ಆದರೆ ಅವನು ಹಿಂದೆ ಹೂಂ ಎಂದದ್ದನ್ನೂ ನಾನು ಕೇಳಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತಕ್ಕೇ ಕೋರ್ಟಿನ ಬೇವಿನ ಗಿಡದ ಕೆಳಗೆ ನಿಂತೆ. ಹಿಂದಿನ ಸಂಜೆಯ ಮಳೆಗೆ ನೆಲ ಇನ್ನೂ ಹಸಿಯಾಗಿತ್ತು, ಈ ಮಳೆಯ ಬಗ್ಗೆ ಯಾರೂ ತಕರಾರು ತೆಗೆದಿಲ್ಲ. ಗೌಡರ ಜೀಪು ಕಳಿಸಲೇ ಎಂದು ಕೇಳಿಸಿದ್ದಕ್ಕೆ ಫಕೀರಪ್ಪ ಬೇಡ ಎಂದು ಹೇಳಿ ಕಳಿಸಿದ್ದ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಹನ್ನೊಂದಕ್ಕೆ ಕಲಾಪ ಶುರುವಾಯಿತು. ಮೂರು ಕೇಸು ಆದವು. ಪಟ್ಟೇವಾಲಾ ಪಡಸಾಲೆಗೆ ಬಂದು ಫಕೀರಪ್ಪನ ಹೆಸರು ಕೂಗಿದ. ಒಳಗಿನಿಂದ ಯಲಿಗಾರರು ಕತ್ತು ಹೊರಳಿಸಿ ನನ್ನ ಕಡೆ ನೋಡಿದರು. ಇಲ್ಲ ಎಂದು ಕೈ ಆಡಿಸಿದೆ. ಎರಡನೆಯ ಸಲ ಕೂಗಿದ. ಮೂರನೆಯ ಸಲ ಕೂಗಿದ ಮೇಲೂ ಬರದಿದ್ದರೆ ಗೈರುಹಾಜರಿ ಬರೆಯುತ್ತಾರೆ.

ಗೇಟಿನಲ್ಲಿ ಮೊದಲು ಕಂಡವರು ಹವಾಲ್ದಾರ ಮಲ್ಲಪ್ಪ. ಯಾವುದೋ ಸೈಕಲ್ ಕಳವಿನ ಆರೋಪಿಯನ್ನು ಕರೆತರುತ್ತಿದ್ದರು. ಕೈ ಖಾಲಿ, ಪ್ಯಾದೆ ಬರೀ ರಟ್ಟೆ ಹಿಡಿದಿದ್ದ. ಆರೋಪಿಯ ತಲೆಯ ಮೇಲೆ ಹಳೆಯ ಗಾಂಧಿ ಟೊಪ್ಪಿಗೆ ಓರೆಯಾಗಿ ಕೂತಿತ್ತು. ಮೆಟ್ಟಿಲ ಬಳಿ ಹವಾಲ್ದಾರರು ಅವನನ್ನು ನಿಲ್ಲಿಸಿದರು.

"ಟೊಪಗಿ ನೆಟ್ಟಗ ಹಾಕ್ಕೋಳೋ ಮಾರಾಯ. ನಾ ಬರದೇನಿ ಅದನ್ನ."

ಅವರ ಹಿಂದೆ ಹತ್ತು ಮಾರು ಅಂತರದಲ್ಲಿ ಗಂಗವ್ವ, ತಲೆಯ ಮೇಲೆ ಬುತ್ತಿಯ ಗಂಟು. ಅವಳ ಪಕ್ಕದಲ್ಲಿ ಫಕೀರಪ್ಪ. ತಲೆಗೆ ಹೊಸ ಬಿಳಿ ರುಮಾಲು, ಇನ್ನೂ ಗಂಜಿ ಇಳಿಯದ ಬಿರುಸು ಬಟ್ಟೆ, ಒಂದು ಕಡೆ ಉಬ್ಬಿಕೊಂಡಿತ್ತು. ಪಟ್ಟೇವಾಲಾ ಮೂರನೆಯ ಸಲ ಬಾಯಿ ತೆರೆದಿದ್ದ. ಅದಕ್ಕೆ ಮೊದಲೇ ಫಕೀರಪ್ಪ ಅಂಗಳದಿಂದಲೇ, ಹೊಲದಲ್ಲಿ ಯಾರೋ ಕರೆದ ಹಾಗೆ, ಅದೀನ್ರೀ ಎಂದು ಓಗೊಟ್ಟ. ಒಳಗಿದ್ದ ನ್ಯಾಯಾಧೀಶರೂ ತಲೆ ಎತ್ತಿದರು. ನಾನು ಗಿಡದ ಕಟ್ಟೆಯ ಮೇಲೆ ಕೂತುಬಿಟ್ಟೆ. ಮೂರು ತಿಂಗಳಿನಿಂದ ಎದೆಯ ಮೇಲೆ ಏನನ್ನು ಹೊತ್ತುಕೊಂಡಿದ್ದೆ ಎಂಬುದು ಅದು ಇಳಿದ ಮೇಲೆಯೇ ತಿಳಿದದ್ದು. ಅವನ ಮಾನದ ಚಿಂತೆ ಅರ್ಧವಿತ್ತು, ಉಳಿದರ್ಧ ಈ ನಾಲ್ಕು ದಿನಗಳದು, ನನ್ನ ತಪ್ಪಿಗೆ ಬೇರೆಯವನೊಬ್ಬ ದಂಡ ತೆರಬೇಕಾಗುತ್ತದೆ ಎಂಬ ಅಂಜಿಕೆ.

ಬಸ್‌ಸ್ಟ್ಯಾಂಡಿನಿಂದ ನೇರ ಬಜಾರಿನೊಳಗೇ ಬಂದರಂತೆ. ನಡುವೆ ನಿಂತು ಚಹಾನೂ ಕುಡಿದರಂತೆ. ತಡವಾದದ್ದು ಅದಕ್ಕೇ ಎಂದು ಗಂಗವ್ವ ಗಂಡನನ್ನು ಬೈದಳು. ಮಧ್ಯಾಹ್ನ ಗಿಡದ ಕೆಳಗೆ ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ, ಪುಂಡಿಪಲ್ಯೆ ಕೊಟ್ಟಳು. ಫಕೀರಪ್ಪ ಆಮೇಲೆ ಒಂದು ತಾರೀಖನ್ನೂ ತಪ್ಪಿಸಲಿಲ್ಲ. ಮುಂಗಾರಿನ ಬಿತ್ತನೆ ಮುಗಿಯುವ ಹೊತ್ತಿಗೆ ತಪ್ಪು ಒಪ್ಪಿಕೊಂಡ. ದಾಯಾದಿಯೂ ಮೆತ್ತಗಾಗಿದ್ದ. ಇನ್ನು ಜಗಳ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಧೀಶರು ಬಿಟ್ಟರು.

ಆ ವರ್ಷದ ಕೊನೆಗೆ ನಾನು ಬೈಲಹೊಂಗಲ ಬಿಟ್ಟೆ. ರಾಮದುರ್ಗದಲ್ಲಿ ಸ್ವಲ್ಪ ದಿನ, ಧಾರವಾಡದಲ್ಲಿ ಸ್ವಲ್ಪ ದಿನ, ಎಲ್ಲೂ ನೆಲೆ ನಿಲ್ಲಲಿಲ್ಲ. ಈ ಕತೆಯನ್ನು ಎಷ್ಟೋ ಕಡೆ ಹೇಳಿದೆ. ಹೇಳಿದಷ್ಟೂ ಅದು ಚೆಂದವಾಗುತ್ತ ಹೋಯಿತು, ಚೆಂದವಾದಷ್ಟೂ ನನ್ನ ಸಂಶಯ ಬೆಳೆಯಿತು. ಹವಾಲ್ದಾರರು ನಿಜವಾಗಿ ಗೆರೆ ಎಳೆದಿದ್ದರೇ? ಎಳೆದಿದ್ದರೂ ಅದು ಸಾಹೇಬರ ಮುಂದಿನ ಒಂದು ದಿನದ ಆಟವೇ? ಮಾಹಿತಿ ಹಕ್ಕಿನ ಕಾಯ್ದೆ ಬಂದ ಮೇಲೆ ಒಂದು ದಿನ ತಡೆಯಲಾಗದೆ ಆ ಠಾಣೆಗೆ ಅರ್ಜಿ ಹಾಕಿದೆ. ಆ ವರ್ಷದ ಮತ್ತು ನಂತರದ ವರ್ಷಗಳ ಲಾಕಪ್ ರಿಜಿಸ್ಟರಿನ ಪುಟಗಳು ಬೇಕು ಎಂದು ಕೇಳಿದೆ. ಹೆಸರುಗಳನ್ನು ಮುಚ್ಚಿ ತೆಗೆದ ನೆರಳಚ್ಚು ಪ್ರತಿಗಳ ಕಟ್ಟು ಟಪಾಲಿನಲ್ಲಿ ಬಂತು.

ಕಾಲಂ ಇತ್ತು. ರುಮಾಲು, ಟೊಪ್ಪಿಗೆ, ಬರೇ ತಲೆ, ಮತ್ತೆ ರುಮಾಲು. ಮೊದಲ ರಿಜಿಸ್ಟರಿನ ನಡುವೆ ದುಂಡಗಿನ ಅಕ್ಷರ ನಿಂತು ಬೇರೆಯವರ ಓರೆ ಅಕ್ಷರ ಶುರುವಾಗುತ್ತದೆ. ಹವಾಲ್ದಾರ ಮಲ್ಲಪ್ಪ ಆ ಹೊತ್ತಿಗೆ ವರ್ಗವಾಗಿ ಹೋಗಿದ್ದರು. ಅವರಾದ ಮೇಲೆ ಬಂದವರು ಮೂರು ಮಂದಿ. ಮೂವರಲ್ಲಿ ಯಾರಿಗೂ ಆ ಗೆರೆ ಯಾಕೆ ಎಂದು ಗೊತ್ತಿದ್ದಿರಲಾರದು. ಪ್ರತಿ ಹೊಸ ರಿಜಿಸ್ಟರಿನ ಪ್ರತಿ ಪುಟದ ಬಲಕ್ಕೆ ಅವರು ಅದನ್ನು ಕೈಯಿಂದ ಎಳೆದಿದ್ದಾರೆ, ತುಂಬಿದ್ದಾರೆ. ನನಗೆ ಬಂದ ಕಟ್ಟಿನ ಕೊನೆಯ ಪುಟದವರೆಗೂ ಒಂದು ಸಾಲೂ ಖಾಲಿ ಇಲ್ಲ. ಇದನ್ನು ಮಾತ್ರ ಎರಡು ಸಲ ಎಣಿಸಿ ನೋಡಿದ್ದೇನೆ.